ಮೌನವನ್ನೇ ಸಮ್ಮತಿ ಎಂದೆಣಿಸಿದ ವ್ಯಾಪಾರ

ಚಂದಾ ಎಂಬ ಮಾತು ಪತ್ರಿಕೆ ಓದುವವರಿಗೆ ಹೊಸದಲ್ಲ. ಬೇಕಾದವರು ಹಣ ಕಟ್ಟಿ ಪತ್ರಿಕೆ ತರಿಸುತ್ತಾರೆ, ಬೇಡವಾದಾಗ ನಿಲ್ಲಿಸುತ್ತಾರೆ. ಮೊಬೈಲ್ ಫೋನು ಬಂದ ಮೇಲೆ ಈ ಕ್ರಮ ತಲೆಕೆಳಗಾಯಿತು. ಕೇಳದವರೂ ಚಂದಾದಾರರಾದರು. ಬೇಡವೆಂದು ಹೇಳುವ ದಾರಿ ಹುಡುಕುವ ಹೊಣೆ ಅವರ ಮೇಲೆಯೇ ಬಿತ್ತು.

1992ರ ಡಿಸೆಂಬರ್ 3ರಂದು ಬ್ರಿಟನ್ನಿನ ಎಂಜಿನಿಯರ್ ನೀಲ್ ಪ್ಯಾಪ್‌ವರ್ತ್ ಕ್ರಿಸ್‌ಮಸ್ ಶುಭಾಶಯ ಹೊತ್ತ ಮೊದಲ ಎಸ್ಸೆಮ್ಮೆಸ್ ಕಳುಹಿಸಿದರು. 160 ಅಕ್ಷರಗಳ ಈ ಪುಟ್ಟ ಓಲೆ ಒಂದು ದಶಕದೊಳಗೆ ವ್ಯಾಪಾರದ ಸರಕಾಯಿತು. ಕೆಲವೇ ಅಂಕಿಗಳ ಕಿರುಸಂಖ್ಯೆಗೆ ಸಂದೇಶ ಕಳುಹಿಸಿದರೆ ರಿಂಗ್‌ಟೋನು, ದಿನಭವಿಷ್ಯ, ಕ್ರಿಕೆಟ್ ಸ್ಕೋರು ಫೋನಿಗೇ ಬರುತ್ತಿದ್ದವು. ವಸೂಲಿಗೆ ಬೇರೆ ಗುಮಾಸ್ತ ಬೇಕಿರಲಿಲ್ಲ. ಫೋನಿನ ಬಿಲ್ಲೇ ಆ ಕೆಲಸ ಮಾಡುತ್ತಿತ್ತು.

ದೋಷ ಹುಟ್ಟಿದ್ದೂ ಅಲ್ಲಿಯೇ. ಸೇವೆ ಮಾರುವವನು ಒಬ್ಬ, ಹಣ ಕೀಳುವವನು ಇನ್ನೊಬ್ಬ. ಗ್ರಾಹಕ ಒಪ್ಪಿದನೇ ಎಂದು ವಿಚಾರಿಸುವವರು ಯಾರೂ ಇಲ್ಲ. ಬಿಲ್ಲಿನಲ್ಲಿ ಹೀಗೆ ಬೇಡದ ಬಾಬತ್ತು ತುರುಕುವುದಕ್ಕೆ ಅಮೆರಿಕದಲ್ಲಿ 'ಕ್ರ್ಯಾಮಿಂಗ್' ಎಂದು ಹೆಸರು. ಅಲ್ಲಿ ಇಂತಹ ಚಂದಾ ಸಾಮಾನ್ಯವಾಗಿ ತಿಂಗಳಿಗೆ 9.99 ಡಾಲರ್ ಆಗಿತ್ತು. ವಸೂಲಾದ ಹಣದಲ್ಲಿ ಕನಿಷ್ಠ ಶೇ 35ರಷ್ಟು ಪಾಲು ಫೋನ್ ಕಂಪನಿಗಳಿಗೇ ಸೇರುತ್ತಿತ್ತೆಂದು ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. ದೂರುಗಳಿಗೆ ಕಿವಿಗೊಡುವ ಆತುರ ಅವಕ್ಕೆ ಇಲ್ಲದಿರಲು ಬೇರೆ ಕಾರಣ ಬೇಕಿಲ್ಲ. 2014ರಲ್ಲಿ ಎಟಿ ಅಂಡ್ ಟಿ 10.5 ಕೋಟಿ ಡಾಲರ್ ತೆರಲು ಒಪ್ಪಿತು. ಅದರಲ್ಲಿ 8 ಕೋಟಿ ಗ್ರಾಹಕರಿಗೆ ಮರಳಿಸಲು ಮೀಸಲಾಯಿತು. ಅದೇ ವರ್ಷ ಟಿ-ಮೊಬೈಲ್ ಕನಿಷ್ಠ 9 ಕೋಟಿ ಡಾಲರಿಗೆ ಒಪ್ಪಿಕೊಂಡಿತು.

ಭಾರತದಲ್ಲಿ ಸಂಗತಿ ಇನ್ನಷ್ಟು ಜಟಿಲ. ಇಲ್ಲಿ ಬಹುಪಾಲು ಜನ ಮೊದಲೇ ಹಣ ತುಂಬಿ ಮಾತನಾಡುವವರು. ಅವರ ಕೈಗೆ ತಿಂಗಳ ಬಿಲ್ಲೇ ಬರುವುದಿಲ್ಲ. ದಿನಕ್ಕೊಂದೆರಡು ರೂಪಾಯಿ ಕರಗಿದರೆ ಮಾತು ಹೆಚ್ಚಾಯಿತೆಂದು ತಮ್ಮನ್ನೇ ಹಳಿದುಕೊಂಡವರು ಎಷ್ಟೋ. ಕೂಲಿಯ ಹಣದಲ್ಲಿ ಕರೆನ್ಸಿ ಹಾಕಿಸಿದವನಿಗೆ ಆ ಒಂದೆರಡು ರೂಪಾಯಿಯೆಂದರೆ ಊರಿನ ಮನೆಗೆ ಮಾಡಬೇಕಿದ್ದ ಒಂದು ಕರೆ. ಕಂಪನಿಗೋ ಅದು ಹನಿಗೂಡಿ ಹಳ್ಳವಾಗುವ ಲಾಭ. ಇಂಗ್ಲಿಷಿನ ಸಂದೇಶ ಓದಲಾಗದೆ ಯಾವುದೋ ಗುಂಡಿ ಒತ್ತಿದರೂ ಒಪ್ಪಿಗೆ ಎಂದೇ ಲೆಕ್ಕವಾಗುತ್ತಿತ್ತು.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2011ರ ಜುಲೈಯಲ್ಲಿ ಗ್ರಾಹಕರ ಸ್ಪಷ್ಟ ಒಪ್ಪಿಗೆ ಕಡ್ಡಾಯವೆಂದು ನಿರ್ದೇಶನ ನೀಡಿತು. ದೂರು ನಿಲ್ಲಲಿಲ್ಲ. 2013ರ ಜುಲೈಯಲ್ಲಿ ಎರಡನೆಯ ಬಾರಿಯೂ ಒಪ್ಪಿಗೆ ಪಡೆಯದೆ ಯಾವ ಸೇವೆಯನ್ನೂ ಆರಂಭಿಸಬಾರದೆಂದು ವಿಧಿಸಿತು. ಸೇವೆ ನಿಲ್ಲಿಸಲು ಎಲ್ಲ ಕಂಪನಿಗಳಿಗೂ ಅನ್ವಯಿಸುವ 155223 ಎಂಬ ಶುಲ್ಕರಹಿತ ಸಂಖ್ಯೆಯನ್ನು ಗೊತ್ತುಪಡಿಸಿತು.

ನಿಯಮ ಬಂದ ಮಾತ್ರಕ್ಕೆ ಎಚ್ಚರ ಬೇಡವೆಂದಲ್ಲ. ಅಪರಿಚಿತ ಕಿರುಸಂಖ್ಯೆಗೆ ಉತ್ತರಿಸದಿರುವುದು, ಉಳಿಕೆ ಹಣ ಆಗಾಗ ನೋಡಿಕೊಳ್ಳುವುದು, ಕಾರಣವಿಲ್ಲದೆ ಹಣ ಕಡಿತವಾದೊಡನೆ ಕಂಪನಿಗೆ ದೂರಿತ್ತು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳುವುದು ಇಂದಿಗೂ ಉಪಯುಕ್ತ. ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತು ಮದುವೆಯ ಮಾತುಕತೆಗೇ ಸರಿಹೊಂದೀತೆಂದು ಹೇಳುವಂತಿಲ್ಲ. ಹಣದ ವ್ಯವಹಾರಕ್ಕಂತೂ ಅದು ಸಲ್ಲದು.