ಪಿಯಾನೊದೊಳಗೆ ಉಪ್ಪಿನ ಬಟ್ಟಲಿಟ್ಟರೆ ತೇವ ಹೋಗುತ್ತದೆಯೇ? ಕರಾವಳಿಯ ಮನೆಯಲ್ಲಿ ಪಿಯಾನೊ ಎಲ್ಲಿಡಬೇಕು?

ಮನೆ ಅಲಂಕಾರದ ವಿಡಿಯೊಗಳಲ್ಲಿ ಪಿಯಾನೊ ಹೆಚ್ಚಾಗಿ ದೊಡ್ಡ ಕಿಟಕಿಯ ಪಕ್ಕದಲ್ಲೇ ಇರುತ್ತದೆ. ಮೇಲೊಂದು ಹೂದಾನಿ, ಹಿಂದೆ ಹಾರುವ ಬಿಳಿ ಪರದೆ. ಜೊತೆಗೆ ಎರಡು ಸಲಹೆಗಳೂ ಓಡಾಡುತ್ತವೆ. ಪಿಯಾನೊದೊಳಗೆ ಒಂದು ಲೋಟ ನೀರಿಡಿ ಎನ್ನುವುದು ಒಂದು. ಬಟ್ಟಲಲ್ಲಿ ಕಲ್ಲುಪ್ಪು ಇಡಿ, ತೇವವೆಲ್ಲ ಹೀರಿಕೊಳ್ಳುತ್ತದೆ ಎನ್ನುವುದು ಇನ್ನೊಂದು. ಅಂಕೋಲಾ, ಕಾರವಾರದ ಕಡೆ ಮಕ್ಕಳಿಗೆಂದು ಪಿಯಾನೊ ತರಲು ಹೊರಟವರು ಇವೆರಡನ್ನೂ ನಂಬಬಾರದು. ಲಕ್ಷಗಟ್ಟಲೆ ಕೊಟ್ಟು ತಂದ ವಾದ್ಯ ಕೆಲವೇ ಮಳೆಗಾಲಗಳಲ್ಲಿ ಹಾಳಾಗಬಹುದು.

ಲೋಟ ನೀರಿನ ಸಲಹೆ ಹುಟ್ಟಿದ್ದು ಚಳಿದೇಶಗಳಲ್ಲಿ. ಅಲ್ಲಿ ಚಳಿಗಾಲದಲ್ಲಿ ಹೀಟರ್ ಹಾಕಿದಾಗ ಮನೆಯೊಳಗಿನ ಗಾಳಿ ಒಣಗಿ ಮರ ಬಿರಿಯುತ್ತದೆ. ನಮ್ಮದು ತದ್ವಿರುದ್ಧ ಸಮಸ್ಯೆ. ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಪಿಯಾನೊಗೆ ನೀರು ಕುಡಿಸುವ ಅಗತ್ಯವೇ ಇಲ್ಲ!

ಇನ್ನು ಉಪ್ಪು. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆಸಿದ ಅಂಕೋಲೆಯವರಿಗೆ ಉಪ್ಪಿನ ಗುಣ ಹೇಳಿಕೊಡಬೇಕಿಲ್ಲ. ಆಷಾಢದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರು ಬಿಡುವುದನ್ನು ಎಲ್ಲರೂ ನೋಡಿದ್ದೇವೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 75 ದಾಟಿದರೆ ಉಪ್ಪು ತೇವ ಹೀರಿ ತಾನೇ ಕರಗತೊಡಗುತ್ತದೆ. ಕಲ್ಲುಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಬೆರೆತಿದ್ದರೆ ಇನ್ನೂ ಬೇಗ. ಹೀಗಾಗಿ 'ಉಪ್ಪು ತೇವ ಹೀರುತ್ತದೆ' ಎಂಬ ಮಾತು ಸುಳ್ಳಲ್ಲ. ಆದರೆ ಶೇ. 75ಕ್ಕಿಂತ ಕೆಳಗೆ ಅಡುಗೆ ಉಪ್ಪು ಹೆಚ್ಚೇನೂ ಹೀರದು. ಪಿಯಾನೊಗೆ ಬೇಕಾದದ್ದು ಶೇ. 40ರಿಂದ 60ರ ಆರ್ದ್ರತೆ. ಬಟ್ಟಲಲ್ಲಿ ಉಳಿಯುವುದು ಉಪ್ಪುನೀರು. ಅದು ತುಳುಕಿದರೆ ಉಕ್ಕಿನ ತಂತಿಗೆ ತುಕ್ಕು ಹಿಡಿಯುವುದು ಖಚಿತ. ನುಸಿಗುಳಿಗೆಯಂತೂ ತೇವ ಹೀರುವ ವಸ್ತುವೇ ಅಲ್ಲ.

ತೇವ ಮಾಡುವ ಕೆಲಸವೇನು?

ಪಿಯಾನೊದಲ್ಲಿ 88 ಕೀಲಿಗಳು, ಇನ್ನೂರಕ್ಕೂ ಹೆಚ್ಚು ತಂತಿಗಳು. ಎಲ್ಲ ತಂತಿಗಳ ಎಳೆತ ಸೇರಿದರೆ 15ರಿಂದ 20 ಟನ್. ಅದನ್ನು ತಡೆಯುವುದು ಒಳಗಿನ ಎರಕದ ಕಬ್ಬಿಣದ ಚೌಕಟ್ಟು. ನಾದ ತುಂಬುವುದು ಮಾತ್ರ ತೆಳುವಾದ ಸ್ಪ್ರೂಸ್ ಮರದ ಹಲಗೆ. ಮಳೆಗಾಲದಲ್ಲಿ ಈ ಹಲಗೆ ಉಬ್ಬಿ ತಂತಿಗಳನ್ನು ಇನ್ನಷ್ಟು ಬಿಗಿಯಾಗಿಸುತ್ತದೆ, ಸ್ವರ ಏರುತ್ತದೆ. ಚಳಿಗಾಲದ ಒಣಗಾಳಿಗೆ ಕುಗ್ಗಿದಾಗ ಸ್ವರ ಇಳಿಯುತ್ತದೆ. ಕೀಲಿಗಳ ಸಂದಿಯ ಉಣ್ಣೆಯ ಫೆಲ್ಟ್ ಕೂಡ ಉಬ್ಬಿ, ಒತ್ತಿದ ಕೀಲಿ ಮೇಲೇಳುವುದಿಲ್ಲ. 'ಪಿಯಾನೊ ಕೆಟ್ಟಿದೆ' ಎಂದು ಜುಲೈನಲ್ಲಿ ಗಾಬರಿಯಾಗುವವರು ಗಮನಿಸಿ: ಎಷ್ಟೋ ಸಲ ಅದು ಕೆಟ್ಟಿರುವುದಿಲ್ಲ, ತೇವ ಕುಡಿದಿರುತ್ತದೆ.

ಹಾಗಾಗಿ ಜಾಗದ ಆಯ್ಕೆಯೇ ಮುಖ್ಯ. ನಮ್ಮ ಕಡೆ ಮಳೆ ಹೊಡೆಯುವುದು ಹೆಚ್ಚಾಗಿ ಪಡುವಣದಿಂದ. ಚಿರೆಕಲ್ಲಿನ ಗೋಡೆ ರಂಧ್ರಮಯ, ನೀರು ಹೀರುತ್ತದೆ. ಪಶ್ಚಿಮದ ಹೊರಗೋಡೆಗೆ, ಕಿಟಕಿಯ ಕೆಳಗೆ, ಜಗಲಿಯಲ್ಲಿ ಪಿಯಾನೊ ಬೇಡ. ಎರಡು ಕೋಣೆಗಳ ನಡುವಿನ ಒಳಗೋಡೆಗೆ ಬೆನ್ನು ಮಾಡಿ, ನಾಲ್ಕು ಬೆರಳು ಅಂತರ ಬಿಟ್ಟು ಇಡಿ. ನೇರ ಬಿಸಿಲೂ ಎಸಿಯ ಗಾಳಿಯೂ ತಾಗಬಾರದು. ಎಸಿಯನ್ನು ದಿನಕ್ಕೆರಡು ತಾಸು ಹಾಕಿ ಆರಿಸಿದರೆ ಆರ್ದ್ರತೆ ಇಳಿದು ಮತ್ತೆ ಏರುತ್ತದೆ; ಈ ಏರಿಳಿತ ಒಳ್ಳೆಯದಲ್ಲ. ಮೇಲೆ ಹೂದಾನಿ ಇಡುವ ಆಸೆಯನ್ನೂ ಬಿಟ್ಟುಬಿಡಿ, ಫೋಟೊ ಸಾಕು.

ಪಿಯಾನೊದೊಳಗೆ ಕೂರಿಸುವ ಸಣ್ಣ ಹೀಟರ್ ರಾಡ್‌ಗಳು ಸಿಗುತ್ತವೆ. ಅವು ತೇವವನ್ನು ಹೀರುವುದಿಲ್ಲ, ಗಾಳಿಯನ್ನು ಬಿಸಿ ಮಾಡುತ್ತವೆ. 28 ಡಿಗ್ರಿಯಲ್ಲಿ ಶೇ. 90 ಆರ್ದ್ರತೆ ಇರುವ ಗಾಳಿಯನ್ನು 33 ಡಿಗ್ರಿಗೆ ತಂದರೆ ಅದು ಶೇ. 68ರ ಆಸುಪಾಸಿಗೆ ಇಳಿಯುತ್ತದೆ. ತಿಳಿದವರಿಂದಲೇ ಹಾಕಿಸಬೇಕು. ಇದೇ ತತ್ವ ನಂಬಿ ಒಳಗೆ ಬಲ್ಬ್ ಉರಿಸುವುದು ಬೆಂಕಿಗೆ ದಾರಿ.

ಮಹಡಿಯ ಸ್ಲ್ಯಾಬ್ ತಡೆಯುತ್ತದೆಯೇ?

ನಿಂತ ಮಾದರಿಯ, ಅಂದರೆ ಅಪ್‌ರೈಟ್ ಪಿಯಾನೊ ಸಾಮಾನ್ಯವಾಗಿ 200ರಿಂದ 250 ಕೆ.ಜಿ. ಭಾರತೀಯ ಮಾನಕದಂತೆ ವಾಸದ ಕೋಣೆಯ ಸ್ಲ್ಯಾಬನ್ನು ಚದರ ಮೀಟರಿಗೆ ಸುಮಾರು 200 ಕೆ.ಜಿ. ಭಾರಕ್ಕೆ ವಿನ್ಯಾಸ ಮಾಡುತ್ತಾರೆ. 3×4 ಮೀಟರ್ ಕೋಣೆಗೆ ಒಟ್ಟು 2,400 ಕೆ.ಜಿ. ಹಾಗಾಗಿ ಸರಿಯಾಗಿ ಕಟ್ಟಿದ ಕಾಂಕ್ರೀಟ್ ಮಹಡಿಗೆ ಒಂದು ಪಿಯಾನೊ ದೊಡ್ಡ ಭಾರವಲ್ಲ. ಚಕ್ರಗಳ ಕೆಳಗೆ ಅಗಲದ ಬಟ್ಟಲು ಕೊಟ್ಟರೆ ಟೈಲ್ಸೂ ಉಳಿಯುತ್ತದೆ. ಹಳೆಯ ಹೆಂಚಿನ ಮನೆಯ ಮರದ ಮಾಳಿಗೆ ಬೇರೆಯೇ ಮಾತು. ತೊಲೆಗೆ ಒರಲೆ ಹಿಡಿದಿದೆಯೇ ಎಂದು ಎಂಜಿನಿಯರಿಂದ ನೋಡಿಸದೆ ಏರಿಸಬೇಡಿ. ಕೊಳ್ಳುವ ಮೊದಲು ಬಾಗಿಲಿನ ಅಗಲ, ಮೆಟ್ಟಿಲ ತಿರುವು ಅಳೆಯಿರಿ.

ನಮ್ಮನ್ನು ಕೇಳಿದರೆ, ಟ್ಯೂನ್ ಮಾಡುವವರನ್ನು ದೂರದಿಂದ ಕರೆಸಬೇಕಾದ ಮನೆಗೆ, ಕಲಿಯುವ ಮಗುವಿಗೆ, 88 ಕೀಲಿಗಳ ಡಿಜಿಟಲ್ ಪಿಯಾನೊ ಸಾಕು. 12 ಕೆ.ಜಿ. ಆಸುಪಾಸಿನವೂ ಇವೆ, ಟ್ಯೂನಿಂಗ್ ಬೇಕಿಲ್ಲ. ಉಪ್ಪುಗಾಳಿ ಅದರ ಸರ್ಕ್ಯೂಟನ್ನೂ ಬಿಡುವುದಿಲ್ಲವಾದ್ದರಿಂದ ನುಡಿಸಿದ ಮೇಲೆ ಬಟ್ಟೆ ಮುಚ್ಚಿಡಿ.