ತೇವವಿದ್ದರೂ ಸೊನ್ನೆ: ಒಂದೇ ವಿಳಾಸದ ಎರಡು ಸೆನ್ಸರ್‌ಗಳು

ಹಿರಿಯೂರಿನ ದಾಳಿಂಬೆ, ಹೊಳಲ್ಕೆರೆಯ ಅಡಿಕೆ, ಹೊಸದುರ್ಗದ ತೆಂಗು. ಚಿತ್ರದುರ್ಗ ಜಿಲ್ಲೆಯ ಇಂಥ ಎಷ್ಟೋ ತೋಟಗಳಿಗೆ ಕೊಳವೆಬಾವಿಯೇ ಆಧಾರ. ಮಣ್ಣಿನ ತೇವ ಅಳೆದು ಹನಿ ನೀರಾವರಿಯ ವಾಲ್ವ್ ತೆರೆಯುವ ಸಣ್ಣ ಸಾಧನ ಇಲ್ಲಿ ಒಳ್ಳೆಯ ಉಪಯೋಗಕ್ಕೆ ಬರುತ್ತದೆ. ಆದರೆ ಒಂದು ಸೆನ್ಸರ್ ಇದ್ದಾಗ ಸರಿಯಿದ್ದ ಸಾಧನ, ಎರಡನೆಯದನ್ನು ಜೋಡಿಸಿದ ಕೂಡಲೇ ಏನೇನೋ ತೋರಿಸತೊಡಗಿದರೆ? 'ಸೆನ್ಸರ್ ಕೆಟ್ಟಿದೆ' ಎಂದುಬಿಡುತ್ತೇವೆ. ಅನೇಕ ಸಲ ಅದು ಕೆಟ್ಟಿರುವುದಿಲ್ಲ. ಎರಡಕ್ಕೂ ವಿಳಾಸ ಒಂದೇ ಆಗಿರುತ್ತದೆ.

ಸೀರಿಯಲ್ ಸಂವಹನ ಎಂದರೆ ಬಿಟ್‌ಗಳನ್ನು ಒಂದರ ಹಿಂದೆ ಒಂದರಂತೆ ತಂತಿಯಲ್ಲಿ ಕಳಿಸುವುದು. ಯುಆರ್ಟ್ ವಿಧಾನದಲ್ಲಿ ಮಾತಾಡುವವರು ಇಬ್ಬರೇ, ಹಾಗಾಗಿ ವಿಳಾಸ ಬೇಕಿಲ್ಲ; ಇಬ್ಬರ ವೇಗ (ಉದಾಹರಣೆಗೆ ಸೆಕೆಂಡಿಗೆ 9600 ಬಿಟ್) ಒಂದೇ ಇದ್ದರೆ ಸಾಕು. 1982ರಲ್ಲಿ ಫಿಲಿಪ್ಸ್ ಕಂಪನಿ ರೂಪಿಸಿದ ಐ-ಸ್ಕ್ವೇರ್ಡ್-ಸಿಯಲ್ಲಿ ಎರಡೇ ತಂತಿಗೆ ಹಲವು ಸಾಧನಗಳು ಜೋತುಬಿದ್ದಿರುತ್ತವೆ. ತರಗತಿಯ ಹಾಜರಿಯಂತೆ ಮೈಕ್ರೋಕಂಟ್ರೋಲರ್ ಒಂದು ನಂಬರ್ ಕೂಗುತ್ತದೆ. ಎಲ್ಲರೂ ಕೇಳಿಸಿಕೊಂಡರೂ ಆ ನಂಬರಿನವರು ಮಾತ್ರ ಉತ್ತರಿಸಬೇಕು. ವಿಳಾಸಕ್ಕೆ 7 ಬಿಟ್ ಇರುವುದರಿಂದ ಒಟ್ಟು 128. ಅದರಲ್ಲಿ ಕಾಯ್ದಿರಿಸಿದ 16 ಕಳೆದರೆ ಉಳಿಯುವುದು 112.

ಒಂದೇ ನಂಬರಿಗೆ ಇಬ್ಬರು ಉತ್ತರಿಸಿದರೆ? ಈ ತಂತಿಯಲ್ಲಿ ಯಾರಾದರೊಬ್ಬರು 0 ಎಂದರೂ 0. ಇಬ್ಬರೂ 1 ಎಂದರೆ ಮಾತ್ರ 1. ಸೆನ್ಸರ್ 8 ಬಿಟ್‌ನ ಒಂದು ಸಂಖ್ಯೆಯನ್ನಷ್ಟೇ ಕಳಿಸುತ್ತದೆ ಎಂದುಕೊಳ್ಳಿ. ಒಂದು ಸಾಲಿನ ತೇವ 40 (00101000), ಇನ್ನೊಂದರದು 21 (00010101). ಎರಡೂ ಕೂಡಿ ಓದಿಗೆ ಸಿಗುವುದು 00000000, ಅಂದರೆ ಸೊನ್ನೆ! ಮಣ್ಣು ಒಣಗಿದೆಯೆಂದು ವಾಲ್ವ್ ತೆರೆದೇ ಇರುತ್ತದೆ, ತೇವವಿರುವ ನೆಲಕ್ಕೇ ನೀರು ಹರಿಯುತ್ತದೆ. ಎಲ್ಲ ಸೆನ್ಸರ್‌ಗಳೂ ಉತ್ತರದ ಜೊತೆ ತಪ್ಪು ಪತ್ತೆಯ ಸಂಕೇತ ಕಳಿಸುವುದಿಲ್ಲ. ಓದೇ ಬರದಿದ್ದರೆ ಹುಡುಕುತ್ತೇವೆ. ನಂಬುವಂಥ ತಪ್ಪು ಓದು ಬಂದರೆ ಹುಡುಕುವವರು ಯಾರು?

ಪರಿಹಾರ ಕಷ್ಟವಲ್ಲ. ಬಿಎಂಇ280ಯಂಥ ಸೆನ್ಸರ್‌ನಲ್ಲಿ ಒಂದು ಪಿನ್ನನ್ನು ಬದಲಿಸಿ ಜೋಡಿಸಿದರೆ ಎರಡನೆಯ ವಿಳಾಸ ಸಿಗುತ್ತದೆ. ಆ ಸೌಲಭ್ಯವೂ ಇಲ್ಲದಿದ್ದರೆ ಮಲ್ಟಿಪ್ಲೆಕ್ಸರ್ ಬಳಸಬೇಕು. ಉಷ್ಣತೆ ಅಳೆಯುವ ಡಿಎಸ್18ಬಿ20ಗೆ ಈ ತಂಟೆಯೇ ಇಲ್ಲ: ಪ್ರತಿಯೊಂದರಲ್ಲೂ ಬೇರೆ ಬೇರೆ 64 ಬಿಟ್ ಗುರುತು ಕಾರ್ಖಾನೆಯಲ್ಲೇ ಅಚ್ಚಾಗಿ ಬಂದಿರುತ್ತದೆ.

ಇನ್ನೊಂದು ಮಾತು: ಐ-ಸ್ಕ್ವೇರ್ಡ್-ಸಿ ಕೆಲವು ಮೀಟರ್ ತಂತಿಗಷ್ಟೇ ಸರಿ, ತೋಟದುದ್ದಕ್ಕೆ ಎಳೆಯುವಂಥದ್ದಲ್ಲ. ಅದಕ್ಕೆ ಆರ್‌ಎಸ್-485 ಇದೆ. ಕಡಿಮೆ ವೇಗದಲ್ಲಿ ಸುಮಾರು 1200 ಮೀಟರ್‌ವರೆಗೆ ಹೋಗುತ್ತದೆ. ಅದರ ಮೇಲೆ ಸಾಮಾನ್ಯವಾಗಿ ಆಡುವ ಭಾಷೆ 1979ರ ಮಾಡ್‌ಬಸ್. ಇದರಲ್ಲಿ ಸಾಧನಗಳ ವಿಳಾಸ 1ರಿಂದ 247. ಮಾಡ್‌ಬಸ್ ಸಂದೇಶದ ಕೊನೆಗೆ ತಪ್ಪು ಪತ್ತೆಯ ಸಂಕೇತ ಇರುವುದರಿಂದ ಕಲಸಿದ ಉತ್ತರ ಸಾಮಾನ್ಯವಾಗಿ ತಿರಸ್ಕೃತವಾಗುತ್ತದೆ. ಆದರೆ ಅಂಗಡಿಯಿಂದ ತಂದ ಬಹಳಷ್ಟು ಸೆನ್ಸರ್‌ಗಳ ವಿಳಾಸ 1 ಎಂದೇ ಇರುತ್ತದೆ. ಎಲ್ಲವನ್ನೂ ಒಟ್ಟಿಗೆ ಜೋಡಿಸಿ ವಿಳಾಸ ಬದಲಿಸಹೋದರೆ ಎಲ್ಲವೂ ಒಟ್ಟಿಗೇ ಬದಲಾಗುತ್ತವೆ. ಮಣ್ಣಿಗೆ ಹೂಳುವ ಮೊದಲೇ ಒಂದೊಂದನ್ನಾಗಿ ಜೋಡಿಸಿ, ಹೊಸ ವಿಳಾಸ ಕೊಟ್ಟು, ಆ ನಂಬರನ್ನು ಕೇಬಲ್ ಮೇಲೆ ಅಳಿಸದ ಶಾಯಿಯಲ್ಲಿ ಬರೆದಿಡಿ.