ಟಿಪ್ ಬೇರೆ, ಆಯ ಬೇರೆ

ಹೋದ ವಾರ ಬೆಂಗಳೂರಲ್ಲಿ ಊಟ ತಂದುಕೊಟ್ಟ ಹುಡುಗನಿಗೆ ಆ್ಯಪ್‌ನಲ್ಲಿ 20 ರೂಪಾಯಿ ಟಿಪ್ ಹಾಕಿದೆ. ಮಾತಾಡ್ಸಿದ್ರೆ ನಮ್ಮ ಅಫಜಲಪುರ ಕಡೆಯವನೇ. "ಇವತ್ತ ಇದೇ ಮೊದಲನೇದ್ ನೋಡ್ರಿ ಅಣ್ಣ" ಅಂದ. ಆಗ ರಾತ್ರಿ ಒಂಬತ್ತು ಗಂಟೆ.

ನಮ್ಮ ಗೊಬ್ಬೂರಿನಂಥ ಹಳ್ಳಿಗಳಲ್ಲಿ ಅಜ್ಜನ ಕಾಲಕ್ಕೆ ಟಿಪ್ ಇರಲಿಲ್ಲ, ಆಯ ಇತ್ತು. ಬಡಿಗರು ವರ್ಷವಿಡೀ ಕೂರಿಗೆ, ಕುಂಟೆ ರಿಪೇರಿ ಮಾಡಬೇಕು. ಕಮ್ಮಾರರು ಕುಡಗೋಲು ತಟ್ಟಬೇಕು. ಹಡಪದವರು ಕ್ಷೌರ ಮಾಡಬೇಕು, ಮಡಿವಾಳರು ಬಟ್ಟೆ ಒಗೀಬೇಕು. ಅವತ್ತವತ್ತಿಗೆ ರೊಕ್ಕ ಇಲ್ಲ. ಹಿಂಗಾರಿ ಜೋಳದ ರಾಶಿ ಆದಾಗ ಕಣಕ್ಕೆ ಬಂದು ತಮ್ಮ ಪಾಲು ಒಯ್ಯೋರು. ಇವರೇ ಆಯಗಾರರು. ಆಯ ಅಂದ್ರೆ ದಾನ ಅಲ್ಲ, ಹಕ್ಕು.

ಹಾಗಂತ ಆ ಕಾಲವನ್ನ ಹೊಗಳೋಕೆ ನಾನು ತಯಾರಿಲ್ಲ. ಕೆಲಸ ಜಾತಿಯಿಂದ ಬರ್ತಿತ್ತು, ಬಿಡೋ ಹಾಗಿರಲಿಲ್ಲ. ಅಳೆಯೋ ಸೇರು ಹೊಲದ ಒಡೆಯನ ಕೈಯಲ್ಲಿ. ಮಳೆ ಕೈಕೊಟ್ಟರೆ ಆಯಕ್ಕೂ ಕತ್ತರಿ. ದಲಿತರಿಗಂತೂ ಬಿಟ್ಟಿ ಚಾಕರಿ: ನಿಜಾಮರ ರಾಜ್ಯದಲ್ಲಿ ಅಧಿಕಾರಿ ಊರಿಗೆ ಬಂದರೆ ಪುಕ್ಕಟೆ ಗಂಟು ಹೊರಬೇಕಿತ್ತು.

ಇದನ್ನೆಲ್ಲ ಬದಲಿಸಿದ್ದು ಯಾರದೋ ಔದಾರ್ಯ ಅಲ್ಲ, ಕಾನೂನು. 1948ರಲ್ಲಿ ಕನಿಷ್ಠ ವೇತನ ಕಾಯ್ದೆ ಬಂತು. 1950ರಲ್ಲಿ ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸಿತು. ವಂಶದಿಂದ ವಂಶಕ್ಕೆ ಬರ್ತಿದ್ದ ಊರ ಹುದ್ದೆಗಳನ್ನು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ತೆಗೆದುಹಾಕಿತು.

ಈಗ ಆ ಹುಡುಗನ ಕಡೆ ಬರೋಣ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗೆ ಅಂತಲೇ ಒಂದು ಕಾಯ್ದೆ ಮಾಡಿತು. ಕಾರ್ಮಿಕರಿಗೆ ಕೊಡೋ ಹಣದ ಮೇಲೆ ಕಂಪನಿಗಳು ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. ಪೇಮೆಂಟ್‌ನಲ್ಲಿ ರೊಕ್ಕ ಹಿಡಿದರೆ ಯಾಕೆ ಅಂತ ತಿಳಿಸಬೇಕು. ಕೆಲಸದಿಂದ ತೆಗೆಯೋಕೆ 14 ದಿನ ಮೊದಲೇ ನೋಟಿಸ್ ಕೊಡಬೇಕು. ಒಳ್ಳೇ ಹೆಜ್ಜೆ. ಆದರೆ ಒಂದು ಆರ್ಡರಿಗೆ ಕನಿಷ್ಠ ಇಷ್ಟು ಕೊಡಲೇಬೇಕು ಅಂತ ಅದು ಗೊತ್ತು ಮಾಡಿಲ್ಲ.

ಕಣದಲ್ಲಿ ರಾಶಿಯಾದರೂ ಕಣ್ಣೆದುರಿಗೆ ಇರ್ತಿತ್ತು. ಎಷ್ಟು ಬೆಳೆದಿದೆ, ತನಗೆಷ್ಟು ಬಂತು ಅಂತ ಆಯಗಾರನಿಗೆ ಕಾಣ್ತಿತ್ತು. ಇವತ್ತಿನ ರಾಶಿ ಆ್ಯಪ್ ಒಳಗಿದೆ. ಗಿರಾಕಿಗೂ ಕಾಣಲ್ಲ, ಆ ಹುಡುಗನಿಗೂ ಕಾಣಲ್ಲ.

ಟಿಪ್ ಕೊಡಿ, ಬೇಡ ಅನ್ನಲ್ಲ. ಆದರೆ ಅದನ್ನ ಅವನ ಕೂಲಿಯ ಲೆಕ್ಕಕ್ಕೆ ಸೇರಿಸಬೇಡಿ. ಟಿಪ್ ನಮ್ಮ ಖುಷಿ. ಆಯ ಅವನ ಹಕ್ಕು.